ಮರುಕಳಿಸುವ ಬಾಯಿಹುಣ್ಣು: ಉಷ್ಣವೊಂದೇ ಕಾರಣವೇ?

ಬಾಯಲ್ಲಿ ಹುಣ್ಣಾಯಿತೆಂದರೆ ನಮ್ಮ ಮನೆಗಳಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ: 'ಉಷ್ಣವಾಗಿದೆ.' ಮಜ್ಜಿಗೆ ಕುಡಿಯಿರಿ, ನೆತ್ತಿಗೆ ಎಣ್ಣೆ ಹಚ್ಚಿಕೊಳ್ಳಿರಿ, ಎರಡು ದಿನ ಖಾರ ಬಿಡಿರಿ ಎಂಬ ಉಪದೇಶ ಅದರ ಬೆನ್ನಿಗೇ ಬರುತ್ತದೆ. ಎಂಟು-ಹತ್ತು ದಿನಗಳಲ್ಲಿ ಹುಣ್ಣು ತಾನಾಗಿ ಮಾಯುತ್ತದೆ. ಕೀರ್ತಿ ಮಜ್ಜಿಗೆಗೂ ಎಣ್ಣೆಗೂ ಸಲ್ಲುತ್ತದೆ. ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಏಳುತ್ತದೆ. ಮತ್ತೆ ಅದೇ ಮಾತು, ಅದೇ ಮದ್ದು. ಹೀಗೆ ಹತ್ತು ಹದಿನೈದು ವರ್ಷಗಳಿಂದ ಬಾಯಿಹುಣ್ಣನ್ನು ಸಹಿಸುತ್ತ ಬಂದವರು, ವಿಶೇಷವಾಗಿ ತಾಯಂದಿರು, ನಮ್ಮ ಪ್ರತಿಯೊಂದು ಓಣಿಯಲ್ಲಿಯೂ ಇದ್ದಾರೆ.

ಉಷ್ಣವೆಂಬ ಮಾತನ್ನು ನಾವು ಹಗುರವಾಗಿ ಕಾಣುವವರಲ್ಲ. ಹಿರಿಯರು ಕಣ್ಣಾರೆ ಕಂಡದ್ದು ಸುಳ್ಳಲ್ಲ. ಮದುವೆಯ ಮನೆಯಲ್ಲಿ ನಾಲ್ಕು ರಾತ್ರಿ ನಿದ್ದೆಗೆಟ್ಟವರಿಗೆ, ಪರೀಕ್ಷೆಯ ಭಯದಲ್ಲಿರುವ ವಿದ್ಯಾರ್ಥಿಗೆ, ಜ್ವರದಿಂದ ಎದ್ದವರಿಗೆ ಹುಣ್ಣೇಳುವುದು ನಿಜ. ಆಯುರ್ವೇದವು ಇದನ್ನು ಮುಖಪಾಕವೆಂದು ಕರೆದು ವಾತ, ಪಿತ್ತ, ಕಫಗಳ ಆಧಾರದ ಮೇಲೆ ಬೇರೆ ಬೇರೆಯಾಗಿಯೇ ವಿವರಿಸಿದೆ; ಎಲ್ಲಕ್ಕೂ ಒಂದೇ ಕಾರಣವನ್ನು ಅದೂ ಹೇಳಲಿಲ್ಲ. ನಮ್ಮ ಆಕ್ಷೇಪವಿರುವುದು ಇಷ್ಟಕ್ಕೆ ಮಾತ್ರ: 'ಉಷ್ಣ' ಎಂಬ ಒಂದು ಶಬ್ದ ಸಿಕ್ಕೊಡನೆ ವಿಚಾರಣೆ ಅಲ್ಲಿಗೇ ನಿಂತುಹೋಗುತ್ತದೆ. ರಕ್ತಹೀನತೆಯುಳ್ಳ ಸೊಸೆಗೂ, ಚೂಪಾದ ಹಲ್ಲಿನಿಂದ ನರಳುವ ಅತ್ತೆಗೂ, ದವಡೆಯಲ್ಲಿ ತಂಬಾಕು ಇಟ್ಟುಕೊಳ್ಳುವ ಮಾವನವರಿಗೂ ಒಂದೇ ಉತ್ತರ ದೊರೆಯುತ್ತದೆ. ಆ ಮೂವರ ಹುಣ್ಣುಗಳು ಒಂದೇ ಜಾತಿಯವಲ್ಲ. ಮೂರನೆಯದು ಪ್ರಾಣಕ್ಕೇ ಸಂಚಕಾರ ತರಬಹುದು.

ಮೊದಲಿಗೆ ಗುಳ್ಳೆಗೂ ಹುಣ್ಣಿಗೂ ಇರುವ ಭೇದವನ್ನು ಅರಿಯಬೇಕು. ನೀರು ತುಂಬಿಕೊಂಡು ಉಬ್ಬಿದ್ದು ಗುಳ್ಳೆ; ಮೇಲಿನ ಪೊರೆ ಹರಿದು ಒಳಗಿನ ಕೆಂಪು ಕಾಣುವಂತಾದದ್ದು ಹುಣ್ಣು. ಬಾಯಿಯೊಳಗಿನ ಪೊರೆ ಅತಿ ತೆಳುವಾದುದರಿಂದ ಗುಳ್ಳೆ ಎದ್ದ ಕೆಲವೇ ಗಂಟೆಗಳಲ್ಲಿ ಒಡೆದು ಹುಣ್ಣಾಗುತ್ತದೆ. ಆದುದರಿಂದ ವೈದ್ಯರು 'ಮೊದಲು ನೀರಿನ ಗುಳ್ಳೆ ಇತ್ತೇ?' ಎಂದು ಕೇಳಿದರೆ ಯೋಚಿಸಿ ಉತ್ತರಿಸಬೇಕು. ರೋಗನಿರ್ಣಯದ ಅರ್ಧ ಭಾಗ ಆ ಉತ್ತರದಲ್ಲಿದೆ.

ಪದೇಪದೇ ಬರುವ ಹುಣ್ಣುಗಳಲ್ಲಿ ಬಹುಪಾಲು, ವೈದ್ಯರು 'ಆಫ್ಥಸ್ ಹುಣ್ಣು' ಎಂದು ಕರೆಯುವ ಬಗೆಯವು. ಐವರಲ್ಲಿ ಒಬ್ಬರಿಗಾದರೂ ಜೀವನದಲ್ಲಿ ಯಾವಾಗಲೋ ಒಮ್ಮೆ ಇದರ ಅನುಭವವಾಗುತ್ತದೆ. ತುಟಿಯ ಒಳಬದಿ, ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ಮತ್ತು ಅಡಿ, ಮೃದುವಾದ ಅಂಗುಳಿನ ಹಿಂಭಾಗ ಇವೇ ಇದರ ಸ್ಥಾನಗಳು. ನಡುವೆ ಬಿಳಿ ಅಥವಾ ನಸುಹಳದಿ, ಸುತ್ತ ಕೆಂಪು ಉಂಗುರ. ನೀರಿನ ಗುಳ್ಳೆಯ ಹಂತ ಇದಕ್ಕಿಲ್ಲ. ಮೊದಲ ಮೂರು ನಾಲ್ಕು ದಿನ ನೋವು ವಿಪರೀತ. ಒಂದರಿಂದ ಎರಡು ವಾರಗಳಲ್ಲಿ ಕಲೆ ಉಳಿಯದಂತೆ ಮಾಯುತ್ತದೆ. ಕೆಲವರಿಗೆ ಮಾತ್ರ ಒಂದು ಸೆಂಟಿಮೀಟರಿಗಿಂತ ದೊಡ್ಡದಾಗಿ, ವಾರಗಟ್ಟಲೆ ಉಳಿದು, ಕಲೆ ಬಿಟ್ಟುಹೋಗುವುದುಂಟು. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಬಾಯಿಯ ಪೊರೆಯ ಮೇಲೆ ಎರಗುವುದರಿಂದ ಇದು ಉಂಟಾಗುತ್ತದೆ. ಇದು ಅಂಟುರೋಗವಲ್ಲ. ಹುಣ್ಣಾದ ಸೊಸೆಗೆ ಬೇರೆ ಲೋಟ, ಬೇರೆ ತಟ್ಟೆ ಇಡುವ ಮನೆಗಳು ಈ ಮಾತನ್ನು ಗಮನಿಸಬೇಕೆಂದು ನಮ್ಮ ವಿನಂತಿ.

ಈ ದಾರಿತಪ್ಪುವಿಕೆಗೆ ಪ್ರಚೋದನೆ ನೀಡುವ ಸಂಗತಿಗಳು ಹಲವು. ತಂದೆ ತಾಯಿಗಳಿಗಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಸಣ್ಣ ಗಾಯವೇ ಸಾಕು: ಊಟದ ಅವಸರದಲ್ಲಿ ಕೆನ್ನೆ ಕಚ್ಚಿಕೊಂಡದ್ದು, ಕಟಕಟಿ ರೊಟ್ಟಿಯ ಅಂಚು ತಾಗಿದ್ದು, ಗಡಸು ಕುಂಚದಿಂದ ಹಲ್ಲುಜ್ಜಿದ್ದು, ಕೊಳೆತ ಹಲ್ಲಿನ ಚೂರು ಅಥವಾ ಸಡಿಲಗೊಂಡ ಹಲ್ಲಿನ ಸೆಟ್ಟು ಉಜ್ಜುತ್ತಿರುವುದು. ಕೆಲವು ಸ್ತ್ರೀಯರಿಗೆ ಮಾಸಿಕ ಋತುವಿನ ದಿನಗಳೊಂದಿಗೆ ಬರುತ್ತದೆ. ಗರ್ಭಿಣಿಯಾದಾಗ ತಾನಾಗಿಯೇ ನಿಂತದ್ದೂ ಉಂಟು. ಕೆಲವು ಹಲ್ಲುಪುಡಿ, ಪೇಸ್ಟುಗಳಲ್ಲಿ ನೊರೆ ಬರಿಸಲು ಬಳಸುವ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ವಸ್ತು ಕೆಲವರಿಗೆ ಒಗ್ಗುವುದಿಲ್ಲ. ಪೇಸ್ಟನ್ನು ಒಂದೆರಡು ತಿಂಗಳು ಬದಲಿಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಹೊಟ್ಟೆ ಶುದ್ಧವಿಲ್ಲವೆಂದು ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವ ಪದ್ಧತಿಯಿಂದ ಮಾತ್ರ ಯಾವ ಲಾಭವನ್ನೂ ನಾವು ಕಾಣೆವು.

ಇನ್ನು ನಮ್ಮ ಸಮಾಜದ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಮುಖ್ಯ ಕಾರಣಕ್ಕೆ ಬರೋಣ. ಅದು ಪೋಷಕಾಂಶಗಳ ಕೊರತೆ. ಬಾಯಿಯ ಪೊರೆಯ ಕೋಶಗಳು ಕೆಲವೇ ದಿನಗಳಿಗೊಮ್ಮೆ ಹಳೆಯವು ಹೋಗಿ ಹೊಸವು ಬರುತ್ತಿರಬೇಕು. ಇಂಥ ವೇಗದ ಕೆಲಸಕ್ಕೆ ಕಬ್ಬಿಣ, ಫೋಲೇಟ್, ಬಿ-12 ಜೀವಸತ್ವ ಈ ಮೂರೂ ಬೇಕು. ಇವು ಕಡಿಮೆಯಾದರೆ ದೇಹದ ಬೇರೆ ಭಾಗಗಳಿಗಿಂತ ಮೊದಲು ಬಾಯಿಯೇ ದೂರು ಹೇಳುವುದುಂಟು. ನಾಲಿಗೆಯ ಮೇಲಿನ ಒರಟುತನ ಸವೆದು ನುಣ್ಣಗೆ ಕೆಂಪಾಗುವುದು, ಬಾಯಿಯ ಮೂಲೆಗಳು ಸೀಳುವುದು, ಹುಣ್ಣು ಮಾಯುವ ಮೊದಲೇ ಇನ್ನೊಂದು ಏಳುವುದು ಇವೆಲ್ಲ ಆ ದೂರಿನ ಭಾಷೆ.

ಬಿ-12 ಜೀವಸತ್ವದ ವಿಷಯ ವಿಶೇಷವಾದುದು. ಇದನ್ನು ಯಾವ ಸಸ್ಯವೂ ತಯಾರಿಸದು. ಇದು ಸೂಕ್ಷ್ಮಾಣುಗಳ ಸೃಷ್ಟಿ. ದನಕರುಗಳ ಹೊಟ್ಟೆಯಲ್ಲಿ ಹುಟ್ಟಿ ಹಾಲಿನ ಮೂಲಕ ನಮಗೆ ಒದಗುತ್ತದೆ. ಶಾಕಾಹಾರವನ್ನು ಆಚಾರವಾಗಿ ಉಳಿಸಿಕೊಂಡು ಬಂದ ನಮ್ಮ ಮನೆಗಳಿಗೆ ಹಾಲು, ಮೊಸರು, ಮಜ್ಜಿಗೆಗಳೇ ಇದರ ಸಹಜ ಮೂಲ. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಶೇಂಗಾ ಇವುಗಳಲ್ಲಿ ಬೇರೆಲ್ಲ ಸತ್ವವಿದ್ದರೂ ಇದೊಂದು ಇಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದುದು 2 ಮೈಕ್ರೊಗ್ರಾಂಗಿಂತ ಸ್ವಲ್ಪ ಹೆಚ್ಚು. ಒಂದು ದೊಡ್ಡ ಲೋಟ ಹಾಲಿನಲ್ಲಿ ದೊರೆಯುವುದು ಸುಮಾರು 1 ಮೈಕ್ರೊಗ್ರಾಂ. ಹಾಲನ್ನು ಬಹಳ ಹೊತ್ತು ಕುದಿಸಿದರೆ ಅದರಲ್ಲಿಯೂ ಒಂದಿಷ್ಟು ನಷ್ಟವಾಗುತ್ತದೆ. ಅಂದರೆ ದಿನಕ್ಕೆ ಎರಡು ಮೂರು ಲೋಟದಷ್ಟು ಹಾಲು ಅಥವಾ ಗಟ್ಟಿ ಮೊಸರು ಪ್ರತಿಯೊಬ್ಬರ ಪಾಲಿಗೆ ಬರಬೇಕು.

ಯಾರ ಪಾಲಿಗೆ ಬರುತ್ತದೆ? ಊರಿನಲ್ಲಿ ಎಮ್ಮೆ ಕಟ್ಟಿದ ಮನೆಯಲ್ಲಿಯೂ ಹಾಲು ಬೆಳಗಾಗುವುದರೊಳಗೆ ಡೇರಿ ಸೇರುತ್ತದೆ. ಉಳಿದದ್ದರಲ್ಲಿ ಮಕ್ಕಳ ಪಾಲು, ಹಿರಿಯರ ಪಾಲು, ಚಹದ ಪಾಲು. ಗಟ್ಟಿ ಮೊಸರು ಗಂಡಸರ ತಟ್ಟೆಗೆ. ಮನೆಗೆ ಬಂದ ಜಂಗಮರಿಗೂ ಅತಿಥಿಗಳಿಗೂ ಆದರದಿಂದ ಬಡಿಸಿದ ಗೃಹಿಣಿ ಎಲ್ಲರೂ ಎದ್ದ ಮೇಲೆ ಕುಳಿತಾಗ ಪಾತ್ರೆಯ ತಳದಲ್ಲಿರುವುದು ನೀರುಮಜ್ಜಿಗೆ. ದಾಸೋಹದ ಹಿರಿಮೆಯನ್ನು ವೇದಿಕೆಗಳಲ್ಲಿ ಕೊಂಡಾಡುವ ನಾವು ಬಡಿಸಿದ ಕೈಗೆ ಏನುಳಿಯಿತೆಂದು ಕೇಳುವುದು ಅಪರೂಪ. ಇದರ ಮೇಲೆ ಶ್ರಾವಣದ ಉಪವಾಸ, ವರ್ಷದುದ್ದಕ್ಕೂ ಸೋಮವಾರದ ಒಪ್ಪತ್ತು. ವ್ರತವನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಶರೀರವನ್ನೇ ಗುಡಿಯೆಂದು ಕಂಡ ಶರಣ ಪರಂಪರೆಯಲ್ಲಿ, ಒಪ್ಪತ್ತಿನ ದಿನ ಒಂದು ಬಟ್ಟಲು ಮೊಸರು ಹೆಚ್ಚಿಗೆ ಉಂಡರೆ ವ್ರತಭಂಗವಾಗದು ಎಂದಷ್ಟೇ ನಮ್ಮ ಅಭಿಪ್ರಾಯ.

ಕಬ್ಬಿಣದ ಕೊರತೆಯ ಕಥೆಯೂ ಇದಕ್ಕಿಂತ ಬೇರೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನಿಂಬೆಹಣ್ಣು, ನೆಲ್ಲಿಕಾಯಿಗಳ ಹುಳಿ ನೆರವಾಗುತ್ತದೆ; ಊಟದ ಬೆನ್ನಿಗೇ ಕುಡಿಯುವ ಚಹಾ ಅಡ್ಡಿಯಾಗುತ್ತದೆ. ಫೋಲೇಟ್ ಹಸಿರು ಸೊಪ್ಪಿನಲ್ಲಿದ್ದು, ಬಹಳ ಬೇಯಿಸಿದರೆ ಕೆಡುತ್ತದೆ, ಬೇಯಿಸಿದ ನೀರು ಚೆಲ್ಲಿದರೆ ಅದರೊಡನೆ ಹೋಗುತ್ತದೆ. ಬಸ್ಸಾರು ಮಾಡುವ ಮನೆಗಳಲ್ಲಿ ಆ ನೀರನ್ನು ಚೆಲ್ಲುವುದಿಲ್ಲವೆಂಬುದು ನಮ್ಮ ಅಡುಗೆಯ ಜಾಣತನ. ಈ ಫೋಲೇಟಿನ ಶೋಧದ ಆರಂಭವೂ ನಮ್ಮ ದೇಶದಲ್ಲಿಯೇ ಆದುದು. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಿಗೆ ತಗಲುತ್ತಿದ್ದ ತೀವ್ರ ರಕ್ತಹೀನತೆಯ ಮೂಲ ಅವರ ಊಟದಲ್ಲಿಯೇ ಇದೆಯೆಂದು ಗುರುತಿಸಿ, ಯೀಸ್ಟಿನ ಸಾರ ಕೊಟ್ಟು ಗುಣಪಡಿಸಿದರು. 1931ರಲ್ಲಿ ಅದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದ ಗುಣಕಾರಿ ವಸ್ತು ಫೋಲಿಕ್ ಆಮ್ಲವೆಂದು ತಿಳಿದದ್ದು ಅನಂತರ.

ಆದರೆ ಔಷಧದಂಗಡಿಯಿಂದ ಫೋಲಿಕ್ ಆಮ್ಲದ ಮಾತ್ರೆಯನ್ನೊಂದೇ ತಂದು ನುಂಗುವುದು ಸಲ್ಲದು. ಬಿ-12 ಕೊರತೆಯಿದ್ದವರಲ್ಲಿ ಅದು ರಕ್ತವನ್ನು ಸರಿಪಡಿಸಿದಂತೆ ತೋರಿಸಿ, ಒಳಗೊಳಗೆ ನರಗಳ ಹಾನಿಯನ್ನು ಮುಂದುವರಿಯಗೊಡುತ್ತದೆ. ಅಂಗಾಲು ಜೋಮು ಹಿಡಿಯುವುದು, ಕತ್ತಲಲ್ಲಿ ನಡೆಯುವಾಗ ತೂಕ ತಪ್ಪುವುದು ಅದರ ಲಕ್ಷಣಗಳು. ಸಕ್ಕರೆ ಕಾಯಿಲೆಗೆ ಬಹುಕಾಲದಿಂದ ಮೆಟ್‌ಫಾರ್ಮಿನ್ ಸೇವಿಸುತ್ತಿರುವವರಲ್ಲಿ, ಎದೆಯುರಿಗೆಂದು ಒಮೆಪ್ರಜೋಲ್‌ನಂಥ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಲ್ಲಿ, ವಯಸ್ಸಾದವರಲ್ಲಿ ಬಿ-12 ಸರಿಯಾಗಿ ಹೀರಿಕೆಯಾಗದು. ಅವರು ಹಾಲು ಕುಡಿದರೂ ಕೊರತೆಯಾಗಬಹುದು. ರಕ್ತ ಪರೀಕ್ಷೆ ಮಾಡಿಸುವಾಗ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಸಮಾಧಾನಪಡಬಾರದು. ಕಬ್ಬಿಣ ಕಡಿಮೆಯಾದರೆ ರಕ್ತಕಣ ಕಿರಿದಾಗುತ್ತದೆ, ಬಿ-12 ಕಡಿಮೆಯಾದರೆ ಹಿರಿದಾಗುತ್ತದೆ. ಎರಡೂ ಕೂಡಿ ಕಡಿಮೆಯಾದಾಗ ಸರಾಸರಿ ಅಳತೆ ಸರಿಯಾಗಿಯೇ ಕಂಡು ಮೋಸವಾಗುತ್ತದೆ. ಆದುದರಿಂದ ಫೆರಿಟಿನ್ ಮತ್ತು ಬಿ-12 ಪರೀಕ್ಷೆಗಳನ್ನು ಪ್ರತ್ಯೇಕವಾಗಿ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳುವುದು ಉಚಿತ. 2009ರಲ್ಲಿ ಇಸ್ರೇಲಿನ ವೈದ್ಯರು ಮರುಕಳಿಸುವ ಹುಣ್ಣಿನ ರೋಗಿಗಳಿಗೆ ಆರು ತಿಂಗಳು ದಿನವೂ 1000 ಮೈಕ್ರೊಗ್ರಾಂ ಬಿ-12 ಮಾತ್ರೆಯನ್ನು ನಾಲಿಗೆಯ ಅಡಿಯಲ್ಲಿ ಇರಿಸಿ ನೋಡಿದ ಪ್ರಯೋಗವೊಂದು ಪ್ರಕಟವಾಯಿತು. ಆರನೆಯ ತಿಂಗಳಲ್ಲಿ ಔಷಧ ಪಡೆದವರ ಪೈಕಿ ನೂರಕ್ಕೆ 74 ಜನರಿಗೆ ಹುಣ್ಣೇ ಬರಲಿಲ್ಲ. ಸತ್ವವಿಲ್ಲದ ಮಾತ್ರೆ ಪಡೆದವರಲ್ಲಿ ಹಾಗಾದದ್ದು ನೂರಕ್ಕೆ 32 ಮಾತ್ರ. ಪ್ರಯೋಗ ಚಿಕ್ಕದು, ಭಾಗವಹಿಸಿದವರು 58 ಜನ. ಆದರೂ ಫಲ ಕಾಣಲು ತಿಂಗಳುಗಳೇ ಬೇಕಾದವೆಂಬುದನ್ನು, ನಾಲ್ಕು ದಿನ ನುಂಗಿ ಗುಣವಿಲ್ಲವೆಂದು ಬಿಡುವವರು ಗಮನಿಸಬೇಕು.

ನೀರಿನ ಗುಳ್ಳೆಗಳ ದಾರಿಯೇ ಬೇರೆ. ಜ್ವರ ಬಂದಾಗ, ಬಿಸಿಲಿನಲ್ಲಿ ತಿರುಗಿದಾಗ ತುಟಿಯ ಅಂಚಿನಲ್ಲಿ ಗೊಂಚಲಾಗಿ ಏಳುವ ಗುಳ್ಳೆಗಳಿಗೆ ಹರ್ಪಿಸ್ ಎಂಬ ವೈರಾಣು ಕಾರಣ. ಬಾಯೊಳಗೆ ಬಂದರೆ ಒಸಡಿನ ಮೇಲೆ, ಗಟ್ಟಿ ಅಂಗುಳಿನ ಮೇಲೆ ಬರುತ್ತದೆ. ಆಫ್ಥಸ್ ಹುಣ್ಣು ಸಾಮಾನ್ಯವಾಗಿ ಏಳದ ಜಾಗಗಳಿವು. ಇದು ಮಾತ್ರ ಅಂಟುತ್ತದೆ. ತುಟಿಯಲ್ಲಿ ಗುಳ್ಳೆಯಿದ್ದಾಗ ಹಸುಳೆಗಳಿಗೆ ಮುತ್ತಿಡಬಾರದು. ಅಂಗನವಾಡಿ ವಯಸ್ಸಿನ ಮಕ್ಕಳಲ್ಲಿ ಬಾಯೊಡನೆ ಅಂಗೈ, ಅಂಗಾಲುಗಳಲ್ಲಿಯೂ ಗುಳ್ಳೆ ಬಂದರೆ ಅದು ಇನ್ನೊಂದು ವೈರಾಣುವಿನ ಕಾಯಿಲೆ. ವಾರ ಹತ್ತು ದಿನಗಳಲ್ಲಿ ಇಳಿಯುತ್ತದೆ, ಮಗು ನೀರು ಕುಡಿಯುವಂತೆ ನೋಡಿಕೊಳ್ಳುವುದು ಮುಖ್ಯ. ಮಧ್ಯವಯಸ್ಸಿನಲ್ಲಿ ಹೊಸದಾಗಿ ಗುಳ್ಳೆಗಳು ಎದ್ದು ಒಡೆದು, ಮಾಯದೆ ಹರಡುತ್ತಿದ್ದರೆ ಪೆಮ್ಫಿಗಸ್ ಎಂಬ ಗಂಭೀರ ರೋಗದ ಶಂಕೆ ಪಡಬೇಕು. ಚರ್ಮದ ಮೇಲೆ ಕಾಣುವ ತಿಂಗಳುಗಳ ಮೊದಲೇ ಅದು ಬಾಯಲ್ಲಿ ಆರಂಭವಾಗುವುದುಂಟು. ಬಾಯಿಯ ಜೊತೆ ಗುಪ್ತಾಂಗದಲ್ಲಿಯೂ ಹುಣ್ಣು, ಕಣ್ಣು ಕೆಂಪು ಇದ್ದರೆ, 1937ರಲ್ಲಿ ತುರ್ಕಿಯ ವೈದ್ಯ ಹುಲೂಸಿ ಬೆಹ್ಚೆಟ್ ವಿವರಿಸಿದ ರೋಗವಿರಬಹುದು. ಸಂಕೋಚದಿಂದ ಇದನ್ನು ಮುಚ್ಚಿಟ್ಟು ದೃಷ್ಟಿ ಕಳೆದುಕೊಳ್ಳಬಾರದು. ಹುಣ್ಣಿನೊಡನೆ ದೀರ್ಘಕಾಲದ ಭೇದಿ, ತೂಕ ಇಳಿಯುವುದು ಇದ್ದರೆ ಕರುಳಿನ ತಪಾಸಣೆ ಬೇಕು. ಔಷಧಗಳಿಂದಲೂ ಹುಣ್ಣಾಗುತ್ತದೆ. ಕೀಲುನೋವಿಗೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ಮಾತ್ರ ನುಂಗತಕ್ಕದ್ದು. ಅದನ್ನು ಕಣ್ತಪ್ಪಿನಿಂದ ದಿನವೂ ನುಂಗಿದ ಹಿರಿಯರಿಗೆ ಮೊದಲು ಕಾಣುವ ಅಪಾಯದ ಸೂಚನೆಯೇ ಬಾಯಿಹುಣ್ಣು. ಅಂಥವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಈಗ ಎಲೆ-ಅಡಿಕೆ, ತಂಬಾಕಿನ ಮಾತು. ನಮ್ಮ ಬಂಧುಗಳಲ್ಲಿ ಚನ್ನಗಿರಿ, ಶಿವಮೊಗ್ಗೆಯ ಕಡೆಯ ಅಡಿಕೆ ಬೆಳೆಗಾರರು ಅನೇಕರಿರುವುದರಿಂದ ಈ ವಿಷಯ ಬರೆಯುವಾಗ ಲೇಖನಿ ತುಸು ಹಿಂಜರಿಯುವುದು ಸಹಜ. ಆದರೆ ತಿಳಿದುದನ್ನು ಮುಚ್ಚಿಡುವುದು ಬಂಧುತ್ವವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ತಂಬಾಕಿಲ್ಲದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿ 2004ರಲ್ಲಿ ಪ್ರಕಟಿಸಿತು. ಹಬ್ಬದ ದಿನದ ತಾಂಬೂಲ ಒಂದು; ಗಂಟೆಗೊಂದು ಪುಡಿಕೆ ದವಡೆಗೆ ಸುರಿದುಕೊಳ್ಳುವುದು ಇನ್ನೊಂದು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಮಸಾಲೆಯದೊಂದು, ತಂಬಾಕಿನದೊಂದು ಎಂದು ಎರಡು ಪುಡಿಕೆಗಳನ್ನು ಕೊಂಡು ಅಂಗೈಯಲ್ಲಿ ಬೆರೆಸುವ ಉಪಾಯವನ್ನು ಜನ ಕಂಡುಕೊಂಡರು.

ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟದ್ದು ವಾರದಲ್ಲಿ ಮಾಯುತ್ತದೆ. ಅದಲ್ಲ ನಮ್ಮ ಚಿಂತೆ. ಅಡಿಕೆ ಅಗಿಯುವ ಯುವಕನಿಗೆ ಸ್ವಲ್ಪ ಖಾರ ತಾಗಿದರೂ ಬಾಯಿ ಉರಿಯುವುದು, ಆಗಾಗ ಸಣ್ಣ ಗುಳ್ಳೆ ಏಳುವುದು ಆರಂಭವಾದರೆ ಅಲ್ಲಿಯೂ 'ಉಷ್ಣ'ವೆಂದು ಮಜ್ಜಿಗೆ ಕೊಡಲಾಗುತ್ತದೆ. ಅದು ಬಾಯಿಯ ಒಳಪೊರೆ ಗಟ್ಟಿಯಾಗಿ ನಾರುನಾರಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನ ಮೊದಲ ಹೆಜ್ಜೆಯಾಗಿರಬಹುದು. ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಯ ಮುಂಭಾಗದಲ್ಲಿ ಇಡಲು ಸಾಧ್ಯವಾಗದಿದ್ದರೆ ಬಾಯಿ ಮುಚ್ಚಿಕೊಳ್ಳತೊಡಗಿದೆಯೆಂದು ತಿಳಿಯಬೇಕು. ಇದು ಕ್ಯಾನ್ಸರಿಗೆ ತಿರುಗುವ ಸಂಭವವಿರುವ ಸ್ಥಿತಿ.

ನೋವು ಕೊಡುವ ಹುಣ್ಣಿಗೆ ಹೆದರುವ ಜನ ನೋಯದ ಹುಣ್ಣನ್ನು ಅಲಕ್ಷಿಸುತ್ತಾರೆ. ಬಾಯಿಯ ಕ್ಯಾನ್ಸರ್ ಮೊದಲಿಗೆ ಬಹುಮಟ್ಟಿಗೆ ನೋಯುವುದೇ ಇಲ್ಲ. ನಮ್ಮ ದೇಶದ ಪುರುಷರನ್ನು ಕಾಡುವ ಕ್ಯಾನ್ಸರುಗಳಲ್ಲಿ ಅದು ಮುಂಚೂಣಿಯಲ್ಲಿದೆ. ಗಡಿಭಾಗದಲ್ಲಿ ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವ ಮಹಿಳೆಯರಿಗೂ ವಿನಾಯಿತಿಯಿಲ್ಲ. ಒಂದೇ ಜಾಗದಲ್ಲಿ ಮೂರು ವಾರ ದಾಟಿದರೂ ಮಾಯದ ಹುಣ್ಣು, ಅಂಚು ಗಟ್ಟಿಯಾದದ್ದು, ಮುಟ್ಟಿದರೆ ರಕ್ತ ಬರುವುದು, ಕೆನ್ನೆಯೊಳಗೆ ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು ಕಂಡರೆ ಮನೆಮದ್ದಿಗೆ ಒಂದು ದಿನವನ್ನೂ ವ್ಯಯಿಸಬಾರದು. ಚಿಕ್ಕ ಚೂರು ತೆಗೆದು ಪರೀಕ್ಷಿಸಿದರೆ ನಿರ್ಣಯವಾಗುತ್ತದೆ. ಚೂರು ತೆಗೆದರೆ ರೋಗ ಹರಡುತ್ತದೆಂಬ ಭಯದಿಂದ ತಿಂಗಳುಗಟ್ಟಲೆ ಮುಂದೂಡಿ ದವಡೆಯನ್ನೇ ಕಳೆದುಕೊಂಡವರಿದ್ದಾರೆ. ಆ ಭಯಕ್ಕೆ ಆಧಾರವಿಲ್ಲ.

ಸಾಮಾನ್ಯ ಹುಣ್ಣಿಗೆ ಮನೆಮದ್ದು ಬೇಡವೇ ಎಂದರೆ, ಬೇಕು. ಅರ್ಧ ಚಮಚ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸುವುದು, ತುಪ್ಪ ಸವರುವುದು, ಹಸಿ ಕೊಬ್ಬರಿ ಅಗಿಯುವುದು ಹಿತಕರ. ಜಾಜಿಯ ಎಲೆಯನ್ನು ಅಗಿಯುವ ಪದ್ಧತಿ ಆಯುರ್ವೇದದಲ್ಲಿಯೂ ಇದೆ. ಆದರೆ ಹುಣ್ಣಿನ ಮೇಲೆ ಸುಣ್ಣ, ಮೈಲುತುತ್ತ ಹಚ್ಚಬಾರದು. ಬೇಗ ಮಾಯಿಸುವ ಬದಲು ಅವು ಸುಟ್ಟು ಹಾಕುತ್ತವೆ. ಹಸುಳೆಗಳ ಬಾಯಿಗೆ ಜೇನಿನಲ್ಲಿ ಬಿಳಿಗಾರ ತೇದು ಹಚ್ಚುವ ರೂಢಿ ಅಪಾಯಕರ: ಬಿಳಿಗಾರ ಮಗುವಿಗೆ ವಿಷ, ಒಂದು ವರ್ಷ ತುಂಬುವ ಮೊದಲು ಜೇನೂ ಸಲ್ಲದು. ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಮುಲಾಮು ಹುಣ್ಣು ಏಳುವ ಮೊದಲ ಚಿಹ್ನೆ ಕಂಡಾಗಲೇ ಹಚ್ಚಿದರೆ ಪರಿಣಾಮಕಾರಿ. ಹರ್ಪಿಸ್ ಗುಳ್ಳೆಗೆ ಮಾತ್ರ ಅದನ್ನು ಹಚ್ಚತಕ್ಕದ್ದಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣು ಎದ್ದ ದಿನ, ಮಾಯಿದ ದಿನ ಗುರುತಿಟ್ಟು, ಮೂರು ತಿಂಗಳ ಗುರುತುಗಳನ್ನು ವೈದ್ಯರಿಗೆ ತೋರಿಸಿದರೆ ಅವರ ಕೆಲಸ ಸುಲಭವಾಗುತ್ತದೆ. ಹರೆಯದಲ್ಲಿ ಆರಂಭವಾದ ಹುಣ್ಣು ವಯಸ್ಸಾದಂತೆ ಕಡಿಮೆಯಾಗುವುದು ವಾಡಿಕೆ. ನಲವತ್ತು ದಾಟಿದ ಮೇಲೆ ಹೊಸದಾಗಿ ಆರಂಭವಾದರೆ ತಪಾಸಣೆ ತಪ್ಪಿಸಬಾರದು. ಬೆಳಗಾವಿಯ ಕೆ.ಎಲ್.ಇ., ದಾವಣಗೆರೆಯ ಬಾಪೂಜಿ, ಮೈಸೂರಿನ ಜೆ.ಎಸ್.ಎಸ್. ಮೊದಲಾದ ದಂತ ಮಹಾವಿದ್ಯಾಲಯಗಳಲ್ಲಿ ಬಾಯಿಯ ರೋಗಗಳನ್ನೇ ನೋಡುವ ವಿಭಾಗಗಳಿವೆ.

ಕೊನೆಗೆ, ತಂಬಾಕು ಬಿಡುವ ಸಂಕಲ್ಪ ಮಾಡಿದವರಿಗೆ ಒಂದು ಮಾತು. ತಂಬಾಕು ಬಿಟ್ಟ ಮೊದಲ ಎರಡು ಮೂರು ವಾರಗಳಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಬಾಯಿಹುಣ್ಣು ಏಳುತ್ತದೆ. 'ತಂಬಾಕು ಇದ್ದಾಗಲೇ ಬಾಯಿ ಚೆನ್ನಾಗಿತ್ತು' ಎಂದು ಮತ್ತೆ ಡಬ್ಬಿ ತೆರೆದವರುಂಟು. ಇವು ಕೆಲವು ವಾರಗಳಲ್ಲಿ ಅಡಗುವ ಸಾಮಾನ್ಯ ಹುಣ್ಣುಗಳು. ಉಪ್ಪುನೀರು, ವೈದ್ಯರ ಮುಲಾಮು ಸಾಕು. ಆ ದಿನಗಳಲ್ಲಿ ಮನಸ್ಸು ಡೋಲಾಯಮಾನವಾದರೆ 1800-112-356 ಎಂಬ ಶುಲ್ಕರಹಿತ ದೂರವಾಣಿಯಲ್ಲಿ ಸಲಹೆ ದೊರೆಯುತ್ತದೆ. ಆದರೆ ಮೂರು ವಾರದ ಲೆಕ್ಕ ಇವರಿಗೂ ಅನ್ವಯಿಸುತ್ತದೆ. ಅದನ್ನು ದಾಟಿ ಒಂದೇ ಜಾಗದಲ್ಲಿ ನಿಂತ ಹುಣ್ಣನ್ನು ತಂಬಾಕು ಬಿಟ್ಟದ್ದರ ಫಲವೆಂದು ಭಾವಿಸದೆ ವೈದ್ಯರಿಗೆ ತೋರಿಸಬೇಕು.